ದುರಂತ ಬೇರೆ, ಕೆಟ್ಟ ಕೊನೆ ಬೇರೆ

ಇಂಗ್ಲಿಷಿನ ಟ್ರ್ಯಾಜಿಡಿಗೆ ಬಿ.ಎಂ.ಶ್ರೀ ಅವರು ಬಳಸಿದ ಪದ 'ರುದ್ರನಾಟಕ'. ಅದು ಹೆಚ್ಚಾಗಿ ಪುಸ್ತಕಗಳಲ್ಲೇ ಉಳಿಯಿತು. ತರಗತಿಯಲ್ಲಿ, ಪತ್ರಿಕೆಯಲ್ಲಿ, ಬಸ್ಸಿನಲ್ಲಿ ನಾವೆಲ್ಲ ಆಡುವ ಮಾತು 'ದುರಂತ'. ಬಿಡಿಸಿ ನೋಡಿದರೆ ಅದರೊಳಗೆ ಇರುವುದು ಕೆಟ್ಟ ಅಂತ್ಯ, ಅಷ್ಟೇ. ಕೆಟ್ಟದ್ದು ಯಾವುದು? ಕಥೆಯೊಳಗಿನ ವ್ಯಕ್ತಿಗೆ ಒದಗಿದ ಗತಿಯೋ, ಕಥೆ ಕಟ್ಟಿದವರು ಅದನ್ನು ಮುಗಿಸಿದ ರೀತಿಯೋ? ಪದ ಎರಡಕ್ಕೂ ಒಪ್ಪುತ್ತದೆ. ನನ್ನದೊಂದು ಹಳೆಯ ಸಿಟ್ಟು ಈ ಎರಡು ಅರ್ಥಗಳ ನಡುವೆ ಸಿಕ್ಕಿಕೊಂಡು ಆರೇಳು ವರ್ಷವಾಯಿತು. ಆ ಸಿಟ್ಟು ಯಾರ ಪರವಾಗಿ ಹುಟ್ಟಿತೋ ಅವಳ ಹೆಸರು ಡೆನೇರಿಸ್ ಟಾರ್ಗೇರಿಯನ್. 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯ ಪಾತ್ರ.

ನಾನು ಹಳಗನ್ನಡ ಕಾವ್ಯದ ಮೇಲೆ ಸಂಶೋಧನೆ ಮಾಡುತ್ತಿರುವವಳು. ದಿನವೆಲ್ಲ ರನ್ನನ ಜೊತೆ ಕೂರುವವಳಿಗೆ ಡ್ರ್ಯಾಗನ್ ರಾಣಿಯ ಉಸಾಬರಿ ಯಾಕೆ ಎಂದು ವಿಭಾಗದ ಗೆಳೆಯರು ಕಾಲೆಳೆಯುತ್ತಾರೆ. ಆ ರಾಣಿಯ ವಿಷಯದಲ್ಲಿ ನನಗೇಕೆ ಅಷ್ಟು ಸಿಟ್ಟು ಬಂತು ಎಂಬುದು ಅರ್ಥವಾದದ್ದೇ ರನ್ನನಿಂದ. ಅದನ್ನು ಅವರಿಗೆ ಚಹಾದ ಅಂಗಡಿಯಲ್ಲಿ ಹೇಳಲು ಹೋದರೆ ಎರಡನೇ ವಾಕ್ಯಕ್ಕೇ ನಗು ಶುರುವಾಗುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ.

ನೋಡದವರಿಗಾಗಿ ಸ್ವಲ್ಪ ಕಥೆ. ಮುಂದೆ ಎಂದಾದರೂ ನೋಡಬೇಕು ಎಂದುಕೊಂಡಿರುವವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು, ಕೊನೆಯ ದೃಶ್ಯದವರೆಗೂ ಎಲ್ಲ ಹೇಳುವವಳಿದ್ದೇನೆ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿಗಳನ್ನು ಆಧರಿಸಿ ಡೇವಿಡ್ ಬೆನಿಯಾಫ್ ಮತ್ತು ಡಿ. ಬಿ. ವೈಸ್ ರೂಪಿಸಿದ ಈ ಧಾರಾವಾಹಿ ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ 2011ರಿಂದ 2019ರವರೆಗೆ 8 ಸೀಸನ್, 73 ಕಂತುಗಳಲ್ಲಿ ಬಂತು. ಡೆನೇರಿಸ್ ಸಿಂಹಾಸನ ಕಳೆದುಕೊಂಡ ವಂಶದ ಹುಡುಗಿ. ಅವಳ ಅಪ್ಪ 'ಹುಚ್ಚು ರಾಜ' ಎಂದೇ ಕುಖ್ಯಾತನಾದವನು. ಅಣ್ಣ ತನಗೊಂದು ಸೈನ್ಯ ಸಿಗಲೆಂದು ಅವಳನ್ನು ಕುದುರೆ ಸವಾರರ ಕುಲದ ನಾಯಕನಿಗೆ ಮದುವೆ ಮಾಡಿ ಕೊಡುತ್ತಾನೆ. ಮದುವೆ ಎನ್ನುವುದು ಮರ್ಯಾದೆಯ ಮಾತು, ಅದು ಮಾರಾಟ. ಆ ಕುಲದಲ್ಲಿ ನಾಯಕನ ಹೆಂಡತಿಗೆ 'ಖಲೀಸಿ' ಎನ್ನುತ್ತಾರೆ. ಗಂಡ ಸತ್ತಾಗ ಅವಳು ಮೂರು ಕಲ್ಲಾದ ಮೊಟ್ಟೆಗಳೊಂದಿಗೆ ಅವನ ಚಿತೆಯೊಳಗೆ ನಡೆದು ಹೋಗುತ್ತಾಳೆ. ಬೆಳಗಾದಾಗ ಬೂದಿಯ ನಡುವೆ ಕೂತಿದ್ದಾಳೆ, ಮೈಮೇಲೆ ಮೂರು ಡ್ರ್ಯಾಗನ್ ಮರಿಗಳು.

ಅಲ್ಲಿಂದ ಅವಳ ಪಯಣ ಗುಲಾಮರ ಊರುಗಳ ಕಡೆಗೆ. ಅಸ್ಟಾಪೋರ್ ಎಂಬ ನಗರದಲ್ಲಿ ಒಂದು ಡ್ರ್ಯಾಗನ್ ಕೊಟ್ಟು 8,000 ಗುಲಾಮ ಸೈನಿಕರನ್ನು ಕೊಳ್ಳುವ ವ್ಯಾಪಾರ ಕುದುರುತ್ತದೆ. ಮಾರುವವನು ಅವಳೆದುರೇ ತನ್ನ ಭಾಷೆಯಲ್ಲಿ ಅವಳನ್ನು ಹೊಲಸಾಗಿ ಬಯ್ಯುತ್ತಿರುತ್ತಾನೆ, ಅವಳಿಗೆ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ. ಸೈನ್ಯ ಕೈಗೆ ಬಂದ ಮೇಲೆ ಅವಳು ಅದೇ ಭಾಷೆಯಲ್ಲಿ ಬಾಯಿ ತೆರೆಯುತ್ತಾಳೆ. ವಲೇರಿಯನ್ ತನ್ನ ತಾಯ್ನುಡಿ ಎನ್ನುತ್ತಾಳೆ. ಆಮೇಲೆ ಒಂದೇ ಮಾತು, 'ಡ್ರಕಾರಿಸ್'. ಬೆಂಕಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದು ವಿಶ್ವವಿದ್ಯಾಲಯದ ಕಾರಿಡಾರಿನಲ್ಲಿ ಇಂಗ್ಲಿಷಿನಲ್ಲಿ ನಮ್ಮ ಬಗ್ಗೆ ನಮ್ಮೆದುರೇ ಆಡಿಕೊಳ್ಳುವುದನ್ನು ಕೇಳಿಸಿಕೊಂಡ ಯಾವ ಹುಡುಗಿಗಾದರೂ ಆ ದೃಶ್ಯದಲ್ಲಿ ಮೈ ಜುಮ್ಮೆನ್ನದಿದ್ದರೆ ಹೇಳಿ.

ಮುಂದಿನ ನಗರ ಮಿರೀನ್. ಅಲ್ಲಿನ ಒಡೆಯರು ಅವಳನ್ನು ಹೆದರಿಸಲು 163 ಗುಲಾಮ ಮಕ್ಕಳನ್ನು ದಾರಿಯುದ್ದಕ್ಕೂ ಮೈಲುಗಲ್ಲಿನಂತೆ ಕಂಬಗಳಿಗೆ ಜಡಿದಿರುತ್ತಾರೆ. ನಗರ ಗೆದ್ದ ಮೇಲೆ ಅವಳು 163 ಒಡೆಯರನ್ನು ಹಾಗೆಯೇ ಜಡಿಸುತ್ತಾಳೆ. ಅದೇ ಸೀಸನ್ನಿನ ಕೊನೆಗೆ ಇನ್ನೊಂದು ದೃಶ್ಯವಿದೆ. ಒಬ್ಬ ಬಡವ ಬಟ್ಟೆಯ ಗಂಟೊಂದನ್ನು ಹಿಡಿದು ದರ್ಬಾರಿಗೆ ಬರುತ್ತಾನೆ, ಬಿಚ್ಚುತ್ತಾನೆ. ಒಳಗೆ ಸುಟ್ಟು ಕರಕಲಾದ ಪುಟ್ಟ ಮೂಳೆಗಳು. ಅವಳ ಡ್ರ್ಯಾಗನ್ ಅವನ ಮಗಳನ್ನು ಸುಟ್ಟಿದೆ. ಡೆನೇರಿಸ್ ತನ್ನ ಮಕ್ಕಳೆಂದೇ ಸಾಕಿದ ಎರಡು ಡ್ರ್ಯಾಗನ್‌ಗಳನ್ನು ನೆಲಮಾಳಿಗೆಗೆ ಕರೆದೊಯ್ದು ಕೊರಳಿಗೆ ಸರಪಳಿ ಬಿಗಿದು, ಅಳುತ್ತಾ ಮೇಲೆ ಬಂದು ಕಲ್ಲುಬಾಗಿಲು ಮುಚ್ಚಿಸುತ್ತಾಳೆ. ಈ ಗಂಟನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ನಾನು ಇದನ್ನೆಲ್ಲ ನೋಡಿದ್ದು ಎಂ.ಎ. ಓದುವಾಗ, ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ. ಕೊನೆಯ ಸೀಸನ್ ಬಂದ ಹೊತ್ತಿಗೆ ಹಾಟ್‌ಸ್ಟಾರಿನಲ್ಲಿ ಸೋಮವಾರ ಬೆಳಿಗ್ಗೆ ಆರೂವರೆಗೆ ಕಂತು ಸಿಗುತ್ತಿತ್ತು. ಒಂದು ಲ್ಯಾಪ್‌ಟಾಪು, ಯಾರದೋ ಅಣ್ಣನ ಚಂದಾ, ಒಂದು ಮಂಚದ ಮೇಲೆ ಐದು ಜನ, ನೆಲದ ಮೇಲೆ ಏಳೆಂಟು ಜನ. ಮೆಸ್ಸಿನಲ್ಲಿ ಉಪ್ಪಿಟ್ಟು ಆರಿ ಗಟ್ಟಿಯಾಗುವ ಮೊದಲು ಕಂತು ಮುಗಿಯಬೇಕು. ಇಂಗ್ಲಿಷಿನ ಒಂದು ಮಾತು ತಪ್ಪಿದರೆ ಪಕ್ಕದವಳು ಕನ್ನಡದಲ್ಲಿ ಹೇಳುತ್ತಿದ್ದಳು. ಅವಳು ಹೇಳುವ ಹೊತ್ತಿಗೆ ಇನ್ನೆರಡು ಮಾತು ತಪ್ಪಿರುತ್ತಿದ್ದವು.

ಆ ಹಾಸ್ಟೆಲಿನಲ್ಲಿ ನಮ್ಮದೇ ಒಬ್ಬ ಖಲೀಸಿ ಇದ್ದಳು. ಪಿಎಚ್‌.ಡಿ. ಮಾಡುತ್ತಿದ್ದ ಹಿರಿಯ ಅಕ್ಕ. ಗ್ರಂಥಾಲಯ ರಾತ್ರಿ ಹತ್ತರವರೆಗೆ ತೆರೆದಿರುತ್ತಿತ್ತು, ನಮ್ಮ ಗೇಟು ಮಾತ್ರ ಎಂಟಕ್ಕೆ ಬೀಳುತ್ತಿತ್ತು. ಪುಸ್ತಕ ಇರುವುದು ಹುಡುಗರಿಗೆ ಮಾತ್ರವೇ ಎಂದು ಅವಳು ಅರ್ಜಿ ಬರೆದಳು, ಸಹಿ ಸಂಗ್ರಹಿಸಿದಳು, ಮೂರು ರಾತ್ರಿ ಗೇಟಿನ ಹೊರಗೆ ನಮ್ಮನ್ನೆಲ್ಲ ಚಾಪೆ ಹಾಸಿ ಕೂರಿಸಿದಳು. ಗೇಟಿನ ಸಮಯ ಒಂಬತ್ತೂವರೆಗೆ ಬಂತು. ಅವಳಿಗೆ ಆ ಹೆಸರಿಟ್ಟವರು ನಾವೇ. ಅವಳು ಆ ಧಾರಾವಾಹಿಯ ಒಂದು ಕಂತನ್ನೂ ನೋಡಿರಲಿಲ್ಲ. ಯಾರೋ ಡ್ರ್ಯಾಗನ್ ಹತ್ತಿಕೊಂಡು ಗುಲಾಮರನ್ನು ಬಿಡಿಸುವ ಹುಡುಗಿ ಎಂದಾಗ, "ನನಗ ಡ್ರ್ಯಾಗನ್ ಬ್ಯಾಡ, ಒಂದು ಸ್ಕೂಟಿ ಇದ್ರ ಸಾಕು" ಎಂದು ನಕ್ಕಿದ್ದಳು.

2019ರ ಮೇ 13ರ ಸೋಮವಾರ ಬಂದ ಕಂತಿನ ಹೆಸರು 'ದಿ ಬೆಲ್ಸ್'. ಅಷ್ಟರಲ್ಲಿ ಡೆನೇರಿಸ್ ಬಹಳ ಕಳೆದುಕೊಂಡಿದ್ದಳು. ಒಂದು ಡ್ರ್ಯಾಗನ್ ಹಿಂದಿನ ಸೀಸನ್ನಿನಲ್ಲೇ ಹೋಗಿತ್ತು, ಇನ್ನೊಂದು ಹಿಂದಿನ ವಾರ. ಮೊದಲ ದಿನದಿಂದ ಜೊತೆಗಿದ್ದ ಜೋರಾ ಅವಳನ್ನು ಕಾಯುತ್ತಲೇ ಸತ್ತಿದ್ದ. ಗುಲಾಮಗಿರಿಯಿಂದ ಬಿಡಿಸಿಕೊಂಡು ತಂದಿದ್ದ ಆಪ್ತಗೆಳತಿ ಮಿಸಾಂಡೇಯ ಕತ್ತನ್ನು ಶತ್ರು ರಾಣಿ ಸರ್ಸಿ ಅವಳ ಕಣ್ಣೆದುರೇ ಕಡಿಸಿದ್ದಳು. ಉಳಿದ ಒಂದೇ ಡ್ರ್ಯಾಗನ್ ಏರಿ ಅವಳು ರಾಜಧಾನಿಯ ಮೇಲೆ ಬರುತ್ತಾಳೆ. ಕೋಟೆ ಒಡೆಯುತ್ತದೆ. ಸೈನಿಕರು ಕತ್ತಿ ಕೆಳಗಿಡುತ್ತಾರೆ. ಶರಣಾಗತಿಯ ಗಂಟೆಗಳು ಮೊಳಗುತ್ತವೆ. ಅಂದರೆ ಅವಳು ಗೆದ್ದಳು, ಎಂಟು ಸೀಸನ್ ಕಾದ ಗೆಲುವು. ಕ್ಯಾಮೆರಾ ಅವಳ ಮುಖದ ಮೇಲೆ ಕೆಲವು ಕ್ಷಣ ನಿಲ್ಲುತ್ತದೆ. ಉಸಿರು ಏರುತ್ತದೆ, ಕಣ್ಣು ಅರಮನೆಯತ್ತ ಹೋಗುತ್ತದೆ. ಅಷ್ಟೇ. ಅವಳು ಡ್ರ್ಯಾಗನ್ನನ್ನು ಎಬ್ಬಿಸಿ ಶರಣಾದ ಊರಿನ ಬೀದಿ ಬೀದಿಯನ್ನೂ ಸುಡತೊಡಗುತ್ತಾಳೆ. ತಾಯಿ, ಮಗು, ಮುದುಕರು, ಎಲ್ಲರನ್ನೂ.

ಅಲ್ಲಿಂದ ಮುಂದೆ ಆ ಕಂತಿನಲ್ಲಿ ಅವಳ ಮುಖ ಮತ್ತೆ ಕಾಣುವುದಿಲ್ಲ. ಕ್ಯಾಮೆರಾ ಕೆಳಗಿಳಿದು ಹೊಗೆಯಲ್ಲಿ ಓಡುವವರ ಜೊತೆ ಓಡುತ್ತದೆ. ಮೇಲೆ ನೆರಳಿನಂತೆ ರೆಕ್ಕೆ, ಬೆಂಕಿ. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಮುಂದಿನ ವಾರ, ಮೇ 20ರಂದು, ದೇಶವೆಲ್ಲ ಹಿಂದಿನ ಸಂಜೆಯ ಮತಗಟ್ಟೆ ಸಮೀಕ್ಷೆಗಳ ಲೆಕ್ಕದಲ್ಲಿದ್ದಾಗ ಕೊನೆಯ ಕಂತು ನೋಡಿದೆವು. ಅವಳನ್ನು ಪ್ರೀತಿಸಿದ ಜಾನ್ ಸ್ನೋ ಅಪ್ಪಿಕೊಂಡೇ ಅವಳ ಎದೆಗೆ ಬಾಕು ಇಳಿಸಿದ. ಡ್ರ್ಯಾಗನ್ ಬಂದು ಸಿಂಹಾಸನವನ್ನು ಕರಗಿಸಿ, ಅವಳನ್ನು ಕಾಲಲ್ಲಿ ಎತ್ತಿಕೊಂಡು ಹಾರಿಹೋಯಿತು. ಅದಾದ ಸ್ವಲ್ಪ ಹೊತ್ತಿಗೆ ಹೊಸ ಮಂತ್ರಿಮಂಡಲ ಕುರ್ಚಿ ಎಳೆದುಕೊಂಡು ಕೂತು ಹಡಗು, ಸೂಳೆಗೇರಿಗಳ ಬಗ್ಗೆ ಹಾಸ್ಯ ಮಾಡುತ್ತಿತ್ತು.

ಆ ಬೆಳಿಗ್ಗೆ ಅವ್ವ ಫೋನ್ ಮಾಡಿದಾಗ ನನ್ನ ದನಿ ಸರಿಯಿರಲಿಲ್ಲ.

"ಏನಾತು? ಯಾರರ ತೀರಿಕೊಂಡಾರೇನು?"

ಧಾರಾವಾಹಿಯಲ್ಲಿ ಎಂದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವ್ವ ಸಂಜೆ ಆರರಿಂದ ಹತ್ತರವರೆಗೆ ನಾಲ್ಕು ಧಾರಾವಾಹಿಗಳ ಸಂಸಾರ ನಡೆಸುವವಳು. ಈ ವ್ಯವಹಾರದ ಒಳಹೊರಗು ಅವಳಿಗೆ ಗೊತ್ತು. ತಕ್ಷಣ ಕೇಳಿದ್ದು, "ಯಾಕ, ಆ ಹುಡುಗಿ ಬಿಟ್ಟು ಹೋದಳೇನು? ರೊಕ್ಕದ ತಕರಾರ ಇರಬೇಕು." ನಮ್ಮಲ್ಲಿ ಪಾತ್ರ ಸಾಯುವುದು ಹೆಚ್ಚಾಗಿ ನಟಿಗೆ ಬೇರೆ ಅವಕಾಶ ಸಿಕ್ಕಾಗ. ಇಲ್ಲವೇ ಒಂದು ಸೋಮವಾರ ಹೊಸ ಮುಖ ಬರುತ್ತದೆ, ಮನೆಮಂದಿ ಯಾರೂ ಗಮನಿಸದವರಂತೆ ಅದೇ ಹೆಸರಿನಿಂದ ಕರೆಯುತ್ತಾರೆ. ಹಾಗಲ್ಲ ಅವ್ವಾ, ಕಥೆಯೇ ಮುಗಿಯಿತು ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು ಹೇಳಿದ ಮಾತು ಇವತ್ತಿಗೂ ನನಗೆ ಯಾವ ವಿಮರ್ಶಕರ ಬರಹಕ್ಕಿಂತ ಹೆಚ್ಚು: "ಕೊಂದರ ಕೊಲ್ಲಲಿ. ಹೆಸರು ಕೆಡಿಸಿ ಯಾಕ ಕೊಲ್ಲಬೇಕು?"

ಕೊಂದದ್ದಕ್ಕೆ ಸಿಟ್ಟಲ್ಲ ಎಂಬುದನ್ನು ಗಟ್ಟಿಯಾಗಿ ಹೇಳಬೇಕು. ಏಕೆಂದರೆ ಅಭಿಮಾನಿಗಳ ಸಿಟ್ಟನ್ನು ಎಲ್ಲರೂ ಮಕ್ಕಳ ಹಟದಂತೆ ನೋಡುತ್ತಾರೆ: ಇಷ್ಟದವರು ಸಾಯಬಾರದು, ಕೊನೆಗೆ ಮದುವೆಯಾಗಬೇಕು, ಶುಭಂ. ಇದೇ ಧಾರಾವಾಹಿಯ ಮೊದಲ ಸೀಸನ್ನಿನಲ್ಲಿ ನಾವು ನಾಯಕನೆಂದು ನಂಬಿದ್ದ ನೆಡ್ ಸ್ಟಾರ್ಕ್‌ನ ತಲೆ ಉರುಳಿತು. ಮೂರನೆಯದರಲ್ಲಿ ಅವನ ಹೆಂಡತಿ, ಹಿರಿಯ ಮಗ, ಬಸುರಿ ಸೊಸೆ ಮದುವೆ ಮನೆಯಲ್ಲೇ ಹೆಣವಾದರು. ಆರನೆಯದರಲ್ಲಿ ಹೋಡರ್ ಎಂಬ ಮುಗ್ಧ ದೈತ್ಯ ಬಾಗಿಲೊಂದನ್ನು ಒತ್ತಿ ಹಿಡಿದು ಸತ್ತ. ಅತ್ತೆವು, ಬೈದೆವು, ಊಟ ಬಿಟ್ಟೆವು. ಆದರೂ ಒಪ್ಪಿಕೊಂಡೆವು. ನೆಡ್ ಸತ್ತದ್ದು ಅವನ ಕರುಣೆಯಿಂದ. ಸರ್ಸಿಯ ಗುಟ್ಟು ತಿಳಿದ ಮೇಲೂ ಅವಳ ಮಕ್ಕಳು ಬದುಕಲಿ ಎಂದು ಮುಂಚಿತವಾಗಿ ಅವಳಿಗೇ ಎಚ್ಚರಿಕೆ ಕೊಟ್ಟ. ಅವನ ಮಗ ಸತ್ತದ್ದು ಕೊಟ್ಟ ಮದುವೆಯ ಮಾತು ಮುರಿದದ್ದರಿಂದ. ಆ ಸಾವುಗಳ ದಾರದ ತುದಿ ಹಿಡಿದು ಹಿಂದಕ್ಕೆ ನಡೆದರೆ ಅವರವರ ಸ್ವಭಾವದ ಬಾಗಿಲಿಗೇ ಹೋಗಿ ತಲುಪುತ್ತೇವೆ. ಅವು ದುರಂತಗಳು.

ಡೆನೇರಿಸ್‌ಳ ದಾರವೂ ಅಲ್ಲಿಗೇ ತಲುಪುತ್ತದೆ ಎಂದು ವಾದಿಸುವವರಿದ್ದಾರೆ, ಅವರ ವಾದ ಹಗುರವಾದದ್ದಲ್ಲ. ಕೊನೆಯ ಕಂತಿನಲ್ಲಿ ಟಿರಿಯನ್ ಎಂಬ ಪಾತ್ರವೇ ಅದನ್ನು ಮಂಡಿಸುತ್ತದೆ: ಅವಳು ಹೋದಲ್ಲೆಲ್ಲ ದುಷ್ಟರು ಸತ್ತರು, ನಾವು ಜೈಕಾರ ಹಾಕಿದೆವು, ಪ್ರತಿ ಜೈಕಾರದಿಂದ ತಾನು ಮಾಡಿದ್ದೇ ಸರಿ ಎಂಬ ನಂಬಿಕೆ ಅವಳಲ್ಲಿ ಬೆಳೆಯಿತು. ನಿಜ. 163 ಒಡೆಯರನ್ನು ಕಂಬಕ್ಕೆ ಜಡಿಸುವಾಗ ಯಾರು ತಪ್ಪಿತಸ್ಥರು ಯಾರು ಅಲ್ಲ ಎಂದು ಅವಳು ವಿಚಾರಿಸಲಿಲ್ಲ. ಅವರಲ್ಲೊಬ್ಬ ಮಕ್ಕಳ ಕೊಲೆಯನ್ನು ವಿರೋಧಿಸಿದ್ದವನು ಎಂದು ಅವನ ಮಗ ಬಂದು ಹೇಳುತ್ತಾನೆ. ಏಳನೇ ಸೀಸನ್ನಿನಲ್ಲಿ ತಲೆಬಾಗದ ತಂದೆಮಗನನ್ನು ಸುಟ್ಟದ್ದೂ ಇದೆ. ಗುಲಾಮರನ್ನು ಬಿಡಿಸಿದ ಬೆಂಕಿಯೇ ಕೊನೆಗೆ ಬಿಡುಗಡೆಯ ಹೆಸರಿನಲ್ಲಿ ಊರು ಸುಡುತ್ತದೆ ಎಂಬುದು ದೊಡ್ಡ ಕಥೆ. ಕ್ರಾಂತಿಗಳ ಇತಿಹಾಸ ಓದಿದ ಯಾರಿಗೂ ಅದು ನಂಬಲಾಗದ್ದಲ್ಲ. ಅಂಥ ಕಥೆಯಾಗಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆ.

ಆದರೆ ಆ ದಾರಿಯ ಮಧ್ಯೆ ಸುಟ್ಟ ಮೂಳೆಗಳ ಗಂಟು ಇದೆ. ಒಂದು ಮಗುವಿಗಾಗಿ ತನ್ನ ಮಕ್ಕಳಿಗೆ ಸರಪಳಿ ಹಾಕಿದವಳು ಸಾವಿರ ಮಕ್ಕಳ ಮೇಲೆ ಬೆಂಕಿ ಸುರಿಯುವವಳಾಗಬೇಕಾದರೆ ಆ ಗಂಟನ್ನು ದಾಟಬೇಕು. ಎದುರು ನಿಂತು, ನೋಡಿ, ಆಮೇಲೆ ದಾಟಬೇಕು. ಧಾರಾವಾಹಿ ಅವಳನ್ನು ಅದರ ಎದುರು ನಿಲ್ಲಿಸಲೇ ಇಲ್ಲ. ಮೇಲೆ ಹಾರಿಸಿಕೊಂಡು ಹೋಯಿತು. ಮೊದಲ ಆರು ಸೀಸನ್‌ಗಳಿಗೆ ಹತ್ತು ಹತ್ತು ಕಂತುಗಳಿದ್ದವು, ಏಳನೆಯದಕ್ಕೆ ಏಳು, ಎಂಟನೆಯದಕ್ಕೆ ಆರು. ಕಾದಂಬರಿಗಳು ಇನ್ನೂ ಮುಗಿದಿರಲಿಲ್ಲ, ಈಗಲೂ ಮುಗಿದಿಲ್ಲ. ಐದನೆಯದು ಬಂದದ್ದು 2011ರಲ್ಲಿ. ಆಸರೆಗೆ ಪುಸ್ತಕ ಇಲ್ಲದಾಗ ಕಥೆ ಓಡತೊಡಗಿತು. ಹಿಂದಿನ ವಾರ ಅವಳ ಡ್ರ್ಯಾಗನ್ ಶತ್ರುವಿನ ಹಡಗುಗಳಿಗೆ ಬಲಿಯಾದದ್ದು ಹೇಗೆ ಎಂದರೆ, ಆ ಹಡಗುಪಡೆ ಇರುವುದನ್ನೇ ಅವಳು ಒಂದು ರೀತಿಯಲ್ಲಿ ಮರೆತಿದ್ದಳು ಎಂದು ಬೆನಿಯಾಫ್ ವಿವರಣೆ ಕೊಟ್ಟರು. ಆ ಮಾತು ಲೋಕದ ಅಭಿಮಾನಿಗಳೆಲ್ಲರ ಹಾಸ್ಯದ ಸರಕಾಯಿತು. ನನಗೆ ನಗು ಬರಲಿಲ್ಲ. ಬರೆಯುವವರು ಮರೆತದ್ದನ್ನು ಪಾತ್ರದ ತಲೆಗೆ ಕಟ್ಟಿದರು ಅನಿಸಿತು.

ಇಲ್ಲಿಗೆ ರನ್ನ ಬರುತ್ತಾನೆ.

ಹತ್ತನೇ ಶತಮಾನದ, ಮುಧೋಳದ ಬಳೆಗಾರರ ಮನೆಯ ಈ ಕವಿ 'ಗದಾಯುದ್ಧ' ಬರೆದದ್ದು ತನ್ನ ಆಶ್ರಯದಾತ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿ. ಕಾವ್ಯದ ಇನ್ನೊಂದು ಹೆಸರೇ 'ಸಾಹಸಭೀಮ ವಿಜಯ'. ಗೆಲ್ಲುವವನು ಭೀಮ, ಹೊಗಳಿಸಿಕೊಳ್ಳಬೇಕಾದವನು ಭೀಮ. ದುರ್ಯೋಧನ ದುಷ್ಟ ಎಂಬುದು ಓದುಗರಿಗೆಲ್ಲ ಮೊದಲೇ ಗೊತ್ತು. ಅವನನ್ನು ಹಾಗೆಯೇ ತಂದು ತೊಡೆ ಮುರಿಸಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ. ರನ್ನ ಏನು ಮಾಡಿದ? ಕಡೆಯ ಕಾಳಗಕ್ಕೆ ಮೊದಲು ಅವನನ್ನು ಸಂಜಯನ ಜೊತೆ ರಣರಂಗದಲ್ಲಿ ನಡೆಸಿದ. ಬರೀ ಕಾಲ್ನಡಿಗೆ. ಹೆಣಗಳ ನಡುವೆ ಹೆಜ್ಜೆ ಜಾರುತ್ತಾ, ಭೀಷ್ಮನನ್ನು ಕಾಣಲು ಹೊರಟವನ ದಾರಿಗೆ ಒಬ್ಬೊಬ್ಬರಾಗಿ ಅಡ್ಡ ಬರುತ್ತಾರೆ. ಗುರು ದ್ರೋಣ. ಶತ್ರುವಿನ ಮಗ ಅಭಿಮನ್ಯು, ಅವನ ಶೌರ್ಯಕ್ಕೆ ಇವನು ಕೈಮುಗಿಯುತ್ತಾನೆ. ತನ್ನ ಮಗ ಲಕ್ಷಣಕುಮಾರ, ಅಲ್ಲಿ ಇವನು ಚಕ್ರವರ್ತಿಯಲ್ಲ, ಬರೀ ಅಪ್ಪ. ದುಶ್ಶಾಸನ. ಆಮೇಲೆ ಕರ್ಣ. ದಾರಿಯಲ್ಲಿ ಮರುಳುಗಳು ಅವನನ್ನು ಗೇಲಿ ಮಾಡುತ್ತವೆ. ಮರುಳು ಎಂದರೆ ಪಿಶಾಚಿಯೂ ಹೌದು, ಹುಚ್ಚೂ ಹೌದು. ನಿಜವಾದ ಮರುಳು ಯಾರು ಎಂಬ ಪ್ರಶ್ನೆಯನ್ನು ರನ್ನ ಪಿಶಾಚಿಗಳ ಬಾಯಲ್ಲೇ ಇಟ್ಟಿದ್ದಾನೆ.

ಆ ನಡಿಗೆಯ ಕೊನೆಯಲ್ಲಿ ದುರ್ಯೋಧನ ಬದಲಾಗುವುದಿಲ್ಲ, ಇದು ಮುಖ್ಯ. ಹೆತ್ತವರು ಸಂಧಿ ಮಾಡಿಕೋ ಎಂದದ್ದನ್ನು ಮೊದಲೇ ತಳ್ಳಿಹಾಕಿ ಬಂದವನು ಭೀಷ್ಮ ಹೇಳಿದರೂ ಕೇಳುವುದಿಲ್ಲ. ಅವನ ಹಟ ಅದೇ, ಅವನ ಗತಿಯೂ ಅದೇ. ಬದಲಾಗುವವರು ನಾವು. ಅಷ್ಟೂ ಹೆಣಗಳನ್ನು ಅವನ ಜೊತೆ ನೋಡಿ ಬಂದ ಮೇಲೆ, ಅವನು ಯಾಕೆ ಹಿಂದಿರುಗಲಾರ ಎಂದು ನಮಗೆ ಒಳಗಿನಿಂದ ಗೊತ್ತಾಗಿರುತ್ತದೆ. ಅವನನ್ನು ಕ್ಷಮಿಸದೆಯೂ ಅವನಿಗಾಗಿ ಮರುಗುತ್ತೇವೆ. ಬಿ.ಎಂ.ಶ್ರೀ ಅವರು 1920ರ ದಶಕದಲ್ಲಿ ಈ ಕಾವ್ಯವನ್ನೇ ನಾಟಕವಾಗಿಸಿದ್ದು ಆಕಸ್ಮಿಕವಲ್ಲ. ಮುಂದೆ ಅವರು ಸೊಫೋಕ್ಲಿಸನ 'ಅಯಾಸ್' ನಾಟಕವನ್ನು ಕನ್ನಡದಲ್ಲಿ 'ಅಶ್ವತ್ಥಾಮನ್' ಮಾಡಿಕೊಂಡರು. ಆ ಗ್ರೀಕ್ ನಾಟಕದ ನಾಯಕನಿಗೆ ಬುದ್ಧಿ ಕೆಟ್ಟಿರುತ್ತದೆ. ದೇವಿಯೊಬ್ಬಳು ಕವಿಸಿದ ಭ್ರಾಂತಿಯಲ್ಲಿ ದನಕುರಿಗಳನ್ನೇ ಶತ್ರುಗಳೆಂದು ಕೊಚ್ಚಿ ಹಾಕಿರುತ್ತಾನೆ. ಆದರೆ ನಾಟಕ ಅಲ್ಲಿಗೆ ಮುಗಿಯುವುದಿಲ್ಲ. ಭ್ರಾಂತಿ ಇಳಿಯುತ್ತದೆ, ಅವನು ತನ್ನ ಕೈಗಳನ್ನು ನೋಡಿಕೊಳ್ಳುತ್ತಾನೆ, ಮಾತಾಡುತ್ತಾನೆ. ಅವನು ಸತ್ತ ಮೇಲೆ, ಅವನ ಶವಕ್ಕೆ ಮರ್ಯಾದೆಯ ಸಂಸ್ಕಾರ ಸಿಗಬೇಕೆಂದು ವಾದಿಸುವವನು ಅವನು ಅತಿಯಾಗಿ ದ್ವೇಷಿಸಿದ ಒಡಿಸ್ಯೂಸನೇ.

ಎರಡು ಸಾವಿರದ ನಾನೂರು ವರ್ಷ ಹಿಂದಿನ ಗ್ರೀಕನಿಗೂ, ಸಾವಿರ ವರ್ಷ ಹಿಂದಿನ ಮುಧೋಳದವನಿಗೂ ಗೊತ್ತಿದ್ದ ಕೆಲಸ ಇದು: ಕೆಡುವವನಿಗೆ ಕೆಡುವುದಕ್ಕೆ ಹೊತ್ತು ಕೊಡಬೇಕು, ಕೆಟ್ಟ ಮೇಲೆ ತನ್ನನ್ನು ನೋಡಿಕೊಳ್ಳಲು ಹೊತ್ತು ಕೊಡಬೇಕು. ಡೆನೇರಿಸ್‌ಗೆ ಎರಡೂ ಸಿಗಲಿಲ್ಲ. ಊರು ಸುಡುವಾಗ ಮುಖ ತೋರಿಸಲಿಲ್ಲ. ಸುಟ್ಟ ಬೀದಿಗಳಲ್ಲಿ ಅವಳನ್ನು ನಡೆಸಲಿಲ್ಲ. ಬಾಕು ಇಳಿಯುವ ಹೊತ್ತಿಗೂ ಅವಳು ಒಳ್ಳೆಯ ಲೋಕದ ಕನಸನ್ನೇ ಹೇಳುತ್ತಿದ್ದಳು, ಏನೂ ಆಗದವಳಂತೆ.

ಯಾಕೆ ಹೀಗಾಯಿತು ಎಂಬುದಕ್ಕೆ ಕಂತುಗಳ ಲೆಕ್ಕ ಅರ್ಧ ಉತ್ತರ ಮಾತ್ರ. ಉಳಿದರ್ಧ ನನಗೆ ಸಿಕ್ಕಿದ್ದು ಮೇ 13ರ ಮಧ್ಯಾಹ್ನ ನಮ್ಮ ತರಗತಿಯ ವಾಟ್ಸಾಪ್ ಗುಂಪಿನಲ್ಲಿ. "ಅಧಿಕಾರ ಕೊಟ್ಟು ನೋಡ್ರಿ, ಹಿಂಗೇ ಆಗೋದು" ಎಂದು ಒಬ್ಬ ಹಾಕಿದ. ಅದಕ್ಕೆ ಹದಿನಾಲ್ಕು ನಗುವ ಮುಖಗಳು. ಇನ್ನೊಬ್ಬ, "ಅಪ್ಪನ ರಕ್ತ, ಮೊದಲಿಂದಲೂ ಹಂಗೇ ಇದ್ದಳು" ಎಂದ. ಯಾರಿಗೂ ಆಶ್ಚರ್ಯವಾಗಿರಲಿಲ್ಲ. ಆಗ ತೋರಿದ್ದು ಇಷ್ಟು: ದುರ್ಯೋಧನನಿಗಾಗಿ ಮರುಗುವಂತೆ ನಮ್ಮನ್ನು ಒಪ್ಪಿಸಲು ರನ್ನನಿಗೆ ರಣರಂಗದುದ್ದದ ನಡಿಗೆ ಬೇಕಾಯಿತು. ಸಿಟ್ಟಾದ ಹೆಣ್ಣಿಗೆ ಹುಚ್ಚು ಹಿಡಿಯಿತು ಎಂದು ಒಪ್ಪಿಸಲು ಯಾವ ನಡಿಗೆಯೂ ಬೇಡ. ಆ ಕಥೆ ನಮ್ಮ ತಲೆಯಲ್ಲಿ ಮೊದಲೇ ಸಿದ್ಧವಿದೆ. ಬರೆಯುವವರು ಒಂದು ಗಂಟೆ ಬಾರಿಸಿದರೆ ಸಾಕು, ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ.

'ಮೊದಲಿಂದಲೂ ಹಂಗೇ' ಎಂಬ ಮಾತನ್ನು ನಾನು ಎರಡನೇ ಸಲ ಕೇಳಿದ್ದು ಮುಂದಿನ ವರ್ಷ, ನಮ್ಮ ಹಾಸ್ಟೆಲಿನ ಅಕ್ಕನ ಬಗ್ಗೆ. ಗೇಟಿನ ಗಲಾಟೆಯ ನಂತರ ಅವಳ ಫೆಲೋಶಿಪ್ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲು ತಿಂಗಳುಗಳು ಬೇಕಾಗತೊಡಗಿದವು. ಪ್ರಗತಿ ವರದಿಗೆ ಸಹಿ ಬೀಳುತ್ತಿರಲಿಲ್ಲ. ಅಪ್ಪ ಹಾಸಿಗೆ ಹಿಡಿದಿದ್ದರು, ಊರಿಗೆ ಕಳಿಸಲು ದುಡ್ಡಿರಲಿಲ್ಲ. ಇದು ಒಂದೂವರೆ ವರ್ಷದ ಕಥೆ. ಕೊನೆಗೊಂದು ದಿನ ಕಚೇರಿಯಲ್ಲಿ ಅವಳು ಕೂಗಾಡಿದಳು, ಕೈಲಿದ್ದ ಫೈಲನ್ನು ಮೇಜಿಗೆ ಅಪ್ಪಳಿಸಿದಳು. ಅದು ಒಂದೂವರೆ ನಿಮಿಷದ ಕಥೆ. ಕ್ಯಾಂಪಸ್ಸಿನಲ್ಲಿ ಉಳಿದದ್ದು ಈ ಎರಡನೆಯದು. "ಅಕಿಗೆ ತಲಿ ಸರಿ ಇಲ್ಲ, ಮೊದಲಿಂದಲೂ ಹಂಗೇ." ಗೇಟಿನ ಹೊರಗೆ ಚಾಪೆ ಹಾಸಿ ಕೂತದ್ದೂ ಈಗ ಸಾಕ್ಷಿಯಾಯಿತು. ಮೆಚ್ಚುಗೆಯಾಗಿದ್ದ ಧೈರ್ಯವೇ ಲಕ್ಷಣ ಎನಿಸಿಕೊಂಡಿತು. ಅವಳು ಪಿಎಚ್‌.ಡಿ. ಬಿಟ್ಟು ಹೋದಳು. ಈಗ ಹುಬ್ಬಳ್ಳಿಯ ಕಡೆ ಒಂದು ಶಾಲೆಯಲ್ಲಿ ಪಾಠ ಮಾಡುತ್ತಾಳೆ, ಸ್ಕೂಟಿ ಕೊಂಡಿದ್ದಾಳೆ, ಚೆನ್ನಾಗಿದ್ದಾಳೆ. ನಾವು ಹೋದಾಗ ಆ ವಿಷಯ ಎತ್ತುವುದಿಲ್ಲ. ಗೇಟು ಈಗಲೂ ಒಂಬತ್ತೂವರೆಗೇ ಬೀಳುತ್ತದೆ. ಅರ್ಧ ತಾಸು ಯಾಕೆ ಬಾಕಿ ಉಳಿಯಿತು, ಒಂದೂವರೆ ತಾಸು ಯಾರಿಂದ ಬಂತು ಎಂಬುದು ಈಗಿನ ಹುಡುಗಿಯರಿಗೆ ಗೊತ್ತಿಲ್ಲ.

ಧಾರಾವಾಹಿಯ ಪಾತ್ರ ಬೇರೆ, ಬದುಕಿನ ಮನುಷ್ಯಳು ಬೇರೆ ಎಂಬುದು ನನಗೂ ತಿಳಿದಿದೆ. ಅಕ್ಕ ಯಾರನ್ನೂ ಸುಡಲಿಲ್ಲ. ಆದರೆ ಒಬ್ಬಳ ಕಥೆಯಿಂದ ನಡುವಿನ ಒಂದೂವರೆ ವರ್ಷವನ್ನು ತೆಗೆದುಹಾಕಿ ಮೊದಲನ್ನೂ ಕೊನೆಯನ್ನೂ ಅಂಟಿಸಿದರೆ ಹುಚ್ಚು ತಾನಾಗಿ ಹುಟ್ಟುತ್ತದೆ. ಪರದೆಯ ಮೇಲೆ ಆ ಕೆಲಸವನ್ನು ನೋಡಿ ನೋಡಿ ರೂಢಿಯಾದವರಿಗೆ ಕಚೇರಿಯಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ಅವ್ವ ಹೇಳಿದ ಹೆಸರು ಕೆಡಿಸುವ ಕೆಲಸ ನಡೆಯುವುದು ಹೀಗೆ, ಸುಳ್ಳು ಹೇಳಬೇಕಾಗಿಯೂ ಇಲ್ಲ.

ಕೊನೆಯ ಸೀಸನ್ನನ್ನು ಬೇರೆ ಬರಹಗಾರರಿಂದ ಮತ್ತೆ ಮಾಡಿಸಬೇಕೆಂದು ಅಂತರ್ಜಾಲದಲ್ಲಿ ಒಂದು ಮನವಿ ಹೊರಟು 15 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಎಚ್‌ಬಿಒ ಅಲುಗಲಿಲ್ಲ. ಅದೇ ಸೀಸನ್ ಆ ವರ್ಷದ ಅತ್ಯುತ್ತಮ ಧಾರಾವಾಹಿ ಎಂದು ಎಮ್ಮಿ ಪ್ರಶಸ್ತಿ ಪಡೆಯಿತು. ನಾನು ಸಹಿ ಹಾಕಲಿಲ್ಲ. ಕೃತಿ ಮಾಡಿದವರದು, ಅವರನ್ನು ಮತ್ತೆ ಕೂರಿಸಿ ತಿದ್ದಿಸುವುದು ನನಗೆ ಒಗ್ಗದ ಮಾತು. ನಮ್ಮಲ್ಲಿ ಇದಕ್ಕೆ ಬೇರೆ ದಾರಿಯಿದೆ. ವ್ಯಾಸರಿಗೆ ಯಾರೂ ಮನವಿ ಕೊಡಲಿಲ್ಲ. ಪಂಪ ಅರ್ಜುನನನ್ನು ನಾಯಕನಾಗಿಟ್ಟುಕೊಂಡೇ ಕರ್ಣನಿಗೆ ತನ್ನ ಹೃದಯದಲ್ಲಿ ಜಾಗ ಮಾಡಿದ. ರನ್ನ ಭೀಮನ ವಿಜಯದೊಳಗೆ ದುರ್ಯೋಧನನನ್ನು ನಡೆಸಿದ. ತಾಳಮದ್ದಳೆಯಲ್ಲಿ ಕರ್ಣನ ಅರ್ಥ ಹೇಳುವವರು ಕೃಷ್ಣನೆದುರು ತಾಸುಗಟ್ಟಲೆ ವಾದ ಹೂಡುತ್ತಾರೆ. ಬೆಳಗಾಗುವಾಗ ಕರ್ಣ ಸಾಯಲೇಬೇಕು, ಅದು ಪ್ರಸಂಗದಲ್ಲಿದೆ. ಅಲ್ಲಿಯವರೆಗಿನ ರಾತ್ರಿ ಅರ್ಥಧಾರಿಯದು. ಕೊನೆಯನ್ನು ಮುಟ್ಟದೆ, ಕೊನೆಗೆ ಹೋಗುವ ದಾರಿಯನ್ನು ಮತ್ತೆ ಕಡಿಯುವುದು ಈ ನೆಲದ ಅಭಿಮಾನಿಗಳ ಹಳೆಯ ಕಸುಬು.

ಕಳೆದ ವರ್ಷ ಎಂ.ಎ. ವಿದ್ಯಾರ್ಥಿಗಳಿಗೆ 'ಗದಾಯುದ್ಧ'ದ ಆ ಭಾಗವನ್ನು ಪಾಠ ಮಾಡುವ ಅವಕಾಶ ಸಿಕ್ಕಿತು. ಮುಗಿದ ಮೇಲೆ ಒಂದು ಅಭ್ಯಾಸ ಕೊಟ್ಟೆ: ನೀವು ಓದಿದ ಅಥವಾ ನೋಡಿದ ಕಥೆಯಲ್ಲಿ ಅವಸರದಲ್ಲಿ ಕೆಟ್ಟವರಾಗಿಬಿಟ್ಟ ಯಾರನ್ನಾದರೂ ಆರಿಸಿ, ಅವರಿಗೊಂದು ನಡಿಗೆ ಬರೆಯಿರಿ. ಕೊನೆಯನ್ನು ಬದಲಿಸಬಾರದು. ಹಲವರು ಕೈಕೇಯಿಯನ್ನು ಆರಿಸಿದರು, ಇಬ್ಬರು ಶೂರ್ಪನಖಿಯನ್ನು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಡೆನೇರಿಸ್‌ಳನ್ನು ಬರೆದು ತಂದಿದ್ದಳು. ನಾನು ಆ ಹೆಸರನ್ನು ತರಗತಿಯಲ್ಲಿ ಎತ್ತಿಯೇ ಇರಲಿಲ್ಲ.

ಅವಳ ಬರಹದಲ್ಲಿ ಗಂಟೆಗಳು ಇನ್ನೂ ಮೊಳಗುತ್ತಿವೆ. ರಾಣಿ ಡ್ರ್ಯಾಗನ್ನಿನಿಂದ ಇಳಿದು ಕೋಟೆಯ ಮೇಲೆ ನಡೆಯುತ್ತಾಳೆ. ಜೋರಾ ಸಿಗುತ್ತಾನೆ, ಮಿಸಾಂಡೇ ಸಿಗುತ್ತಾಳೆ, ಎರಡು ಡ್ರ್ಯಾಗನ್‌ಗಳ ಹೆಣ ಸಿಗುತ್ತದೆ. ಕೊನೆಗೆ ಗೋಡೆಯ ಮೂಲೆಯಲ್ಲಿ ಒಬ್ಬ ಬಡವ ಗಂಟು ಇಟ್ಟುಕೊಂಡು ಕೂತಿದ್ದಾನೆ. ಅವನು ಗಂಟು ಬಿಚ್ಚಲು ಹೋದಾಗ ಅವಳು ಬೇಡ ಎನ್ನುತ್ತಾಳೆ, ಒಳಗೇನಿದೆ ಎಂದು ಗೊತ್ತು ಎನ್ನುತ್ತಾಳೆ. ಬಹಳ ಹೊತ್ತು ಅವನ ಪಕ್ಕದಲ್ಲಿ ಕೂರುತ್ತಾಳೆ. ಆಮೇಲೆ ಎದ್ದು, ಮೈಮೇಲಿನ ಧೂಳು ಕೊಡವಿ, ಡ್ರ್ಯಾಗನ್ ಏರುತ್ತಾಳೆ. ಬೆಂಕಿಯ ಮಾತನ್ನು ಹುಡುಗಿ ಬರೆಯದೆ ಬಿಟ್ಟಿದ್ದಳು.

ಓದಿ ಮುಗಿಸಿದಾಗ 2019ರ ಆ ಬೆಳಿಗ್ಗೆಗಿಂತ ಹೆಚ್ಚು ಸಂಕಟವಾಯಿತು. ತಕರಾರು ಮಾತ್ರ ಒಂದೂ ಇರಲಿಲ್ಲ.